ಕೊನೆಯವರು ಯಾರು? ಸ್ಪೇನ್‌ನ ಬೀದಿ, ಚೌಕ, ಸರದಿಯ ಬಗ್ಗೆ ಒಂದಿಷ್ಟು

ಹಳೆಹೊಳೆ | ಭಾನುವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಸ್ಪೇನ್‌ನ ವಲೆನ್ಸಿಯಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ವೀಸಾ, ಸಂಬಳ, ಬಾಡಿಗೆ ಬಗ್ಗೆ ಇಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಇಲ್ಲಿ ಬದುಕು ಹೇಗಿರುತ್ತದೆ ಅಂತ ಯಾರೂ ಬರೆದಿದ್ದು ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಬಂದ ಮೊದಲ ವಾರ. ಬ್ರೆಡ್ ತರೋಕೆ ಹೋಗಿದ್ದೆ. ವಲೆನ್ಸಿಯಾದಲ್ಲಿ ಬೇಕರಿಗೆ ಓರ್ನೊ ಅನ್ನುತ್ತಾರೆ. ಒಳಗೆ ಆರೇಳು ಜನ ಇದ್ದರು, ಆದರೆ ಸಾಲು ಅಂತ ಒಂದು ಇರಲಿಲ್ಲ. ಒಬ್ಬರು ಗೋಡೆಗೆ ಒರಗಿದ್ದರು. ಇಬ್ಬರು ಬಾಗಿಲ ಹತ್ತಿರ ಮಾತಾಡುತ್ತಿದ್ದರು. ಇನ್ನೊಬ್ಬರು ನಾಯಿ ಹಿಡಿದುಕೊಂಡು ಹೊರಗೇ ನಿಂತಿದ್ದರು. ಕೌಂಟರ್ ಮುಂದೆ ಯಾರೂ ಇಲ್ಲ. ನಾನು ಸೀದಾ ಹೋಗಿ ನಿಂತೆ.

ಯಾರೂ ಬೈಯಲಿಲ್ಲ. ಒಬ್ಬ ಅಜ್ಜಿ ಹತ್ತಿರ ಬಂದು ನನ್ನ ಮೊಣಕೈ ಮುಟ್ಟಿದರು. ಬೆರಳಿನಲ್ಲಿ ಒಬ್ಬೊಬ್ಬರನ್ನೇ ತೋರಿಸಿದರು. ಮೊದಲು ನಾಯಿ ಹಿಡಿದವರು, ಆಮೇಲೆ ಗೋಡೆಗೆ ಒರಗಿದವರು, ಆಮೇಲೆ ಆ ಇಬ್ಬರು, ಆಮೇಲೆ ತಾನು. ಕೊನೆಗೆ ನನ್ನ ಎದೆಯ ಕಡೆ ಬೆರಳು ತೋರಿಸಿ ನಕ್ಕರು. ಅಷ್ಟರಲ್ಲಿ ಒಬ್ಬ ಹುಡುಗ ಒಳಗೆ ಬಂದು, ಯಾರ ಮುಖವನ್ನೂ ನೋಡದೆ "ಎಲ್ ಉಲ್ತಿಮೊ?" ಅಂತ ಕೂಗಿದ. ಕೊನೆಯವರು ಯಾರು ಅಂತ. ಅಜ್ಜಿ ನನ್ನ ಬೆನ್ನು ತಟ್ಟಿ, ಕೈ ಎತ್ತು ಅಂದರು. ಎತ್ತಿದೆ. ಈ ಊರಿನಲ್ಲಿ ನನಗೆ ಅಂತ ಒಂದು ಜಾಗ ಸಿಕ್ಕಿದ್ದು ಆ ಹೊತ್ತಿಗೆ ಅಂತ ಈಗಲೂ ಅನಿಸುತ್ತದೆ.

ಇದಕ್ಕೆ "ಪೆದಿರ್ ಲಾ ವೆಸ್" ಅನ್ನುತ್ತಾರೆ, ಸರದಿ ಕೇಳುವುದು ಅಂತ. ದೊಡ್ಡ ಅಂಗಡಿಗಳಲ್ಲಿ ನಂಬರ್ ಚೀಟಿ ಬಂದಿದೆ. ಆದರೆ ಸಣ್ಣ ಅಂಗಡಿ, ಮಾರುಕಟ್ಟೆಯ ಮೀನಿನ ಕಟ್ಟೆ, ಆರೋಗ್ಯ ಕೇಂದ್ರದ ಬೆಂಚು, ಇಲ್ಲೆಲ್ಲ ಇನ್ನೂ ಇದೇ ನಡೆಯುತ್ತದೆ. ನಿಮ್ಮ ಮುಂದಿನವರು ಯಾರು ಅನ್ನೋದು ನೆನಪಿದ್ದರೆ ಸಾಕು. ಕೂತುಕೊಳ್ಳಿ, ಹೊರಗೆ ಹೋಗಿ ಫೋನ್ ಮಾಡಿ ಬನ್ನಿ, ನಿಮ್ಮ ಜಾಗ ಎಲ್ಲಿಗೂ ಹೋಗುವುದಿಲ್ಲ. ವಯಸ್ಸಾದವರು ಕಾಲು ನೋಯಿಸಿಕೊಂಡು ನಿಲ್ಲಬೇಕಾಗಿಲ್ಲ.

ಇನ್ನೊಂದು ವಿಷಯ. ಲಿಫ್ಟ್‌ಗೆ ಬಂದವರು "ಬುವೆನೊಸ್ ದಿಯಾಸ್" ಅನ್ನುತ್ತಾರೆ. ಇಳಿಯುವಾಗ "ಆಸ್ತಾ ಲುವೇಗೊ", ಆಮೇಲೆ ಸಿಗೋಣ ಅಂತ. ಮತ್ತೆ ಸಿಗುವುದೇ ಇಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ, ಆದರೂ ಅನ್ನುತ್ತಾರೆ. ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಹೊಸಬರು ಬಂದರೆ ಇಡೀ ಕೋಣೆಗೇ ಒಂದು ನಮಸ್ಕಾರ. ಕೂತವರೆಲ್ಲ ಗೊಣಗಿದ ಹಾಗೆ ಒಟ್ಟಿಗೆ ಉತ್ತರ ಕೊಡುತ್ತಾರೆ. ಮೊದಮೊದಲು ನನಗೆ ಬಾಯಿ ಬರುತ್ತಿರಲಿಲ್ಲ. ಈಗ ಊರಿಗೆ ಬಂದಾಗ ಬೆಂಗಳೂರಿನ ಲಿಫ್ಟ್‌ನಲ್ಲಿ ಎಲ್ಲರೂ ಫೋನ್ ನೋಡುತ್ತಾ ನಿಂತಿರುವುದು ಕಂಡರೆ ಬೇಜಾರಾಗುತ್ತದೆ.

ನೀನು, ನೀವು ಅನ್ನುವುದರಲ್ಲೂ ನಾನು ತುಂಬಾ ಕಷ್ಟಪಟ್ಟೆ. ಸ್ಪ್ಯಾನಿಷ್‌ನಲ್ಲೂ ಎರಡೂ ಇವೆ, "ತು" ಮತ್ತು "ಉಸ್ತೆದ್". ನಮ್ಮ ಹಾಗೆ ದೊಡ್ಡವರಿಗೆ "ನೀವು" ಅಂತ ಹೇಳೋಣ ಅಂತ ಹೊರಟರೆ ಜನರೇ ಬಿಡುವುದಿಲ್ಲ. ಬ್ಯಾಂಕಿನವರು ನನಗೆ "ತು" ಅಂದರು, ಡಾಕ್ಟರ್ ಅಂದರು, ಮಗಳ ಮೇಷ್ಟ್ರು ಅಂದರು. ಮೂರನೇ ಮಹಡಿಯ ಅಜ್ಜಿಗೆ (ಬೇಕರಿಯಲ್ಲಿ ಮೊಣಕೈ ಮುಟ್ಟಿದವರು ಇವರೇ, ಆಮೇಲೆ ಗೊತ್ತಾಯಿತು) 80 ದಾಟಿದೆ. ಅವರಿಗೆ ಏಕವಚನ ಹೇಗೆ ಹೇಳಲಿ? ಎರಡು ವರ್ಷ "ಉಸ್ತೆದ್" ಅಂದೆ. ಒಂದು ದಿನ ಅವರೇ ಬೇಸರ ಮಾಡಿಕೊಂಡು ಕೇಳಿದರು, "ನಾನೇನು ನಿನಗೆ ಅಪರಿಚಿತಳಾ?" ಅಂತ. ಆವತ್ತಿನಿಂದ "ತು". ಸ್ಪ್ಯಾನಿಷ್‌ನಲ್ಲಿ ಹಾಗಂದರೂ ಮನಸ್ಸಿನೊಳಗೆ "ಅಜ್ಜಿ, ನೀವು" ಅಂತಲೇ ಕೇಳಿಸುತ್ತದೆ.

ಮತ್ತೆ ಹೊತ್ತಿನ ವಿಷಯ. ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿ ಊಟ ಒಂಬತ್ತು, ಹತ್ತಕ್ಕೆ. ಹೊರಗಿನವರು ಇದನ್ನು ಸೋಮಾರಿತನ ಅಂತ ಆಡಿಕೊಳ್ಳುತ್ತಾರೆ. ಅದು ತಪ್ಪು. ಗ್ರೀನಿಚ್ ರೇಖೆ ನಮ್ಮ ವಲೆನ್ಸಿಯಾದ ಪಕ್ಕದಲ್ಲೇ ಹಾದು ಹೋಗುತ್ತದೆ. ಅಂದರೆ ಇಲ್ಲಿ ಇರಬೇಕಾಗಿದ್ದು ಲಂಡನ್ ಸಮಯ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಜರ್ಮನಿಯ ಸಮಯಕ್ಕೆ ಸೇರಿಸಿತು. ಮತ್ತೆ ಹಿಂದಕ್ಕೆ ತರಲೇ ಇಲ್ಲ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುತ್ತದೆ. ಹಾಗಾಗಿ ಜೂನ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಎರಡು ಗಂಟೆಗೆ. ಜನ ಊಟಕ್ಕೆ ಕೂರುವುದೂ ಆಗಲೇ. ಗಡಿಯಾರ ಬದಲಾಯಿತು, ಹೊಟ್ಟೆ ಸೂರ್ಯನ ಜೊತೆಗೇ ಉಳಿಯಿತು.

ಊಟ ಆದಮೇಲೆ ಎದ್ದು ಹೋಗುವುದಿಲ್ಲ, ತಟ್ಟೆ ತೆಗೆದ ಮೇಜಿನ ಮುಂದೆಯೇ ಕೂತು ಮಾತಾಡುತ್ತಾರೆ. ಅದಕ್ಕೆ ಸೊಬ್ರೆಮೆಸಾ ಅಂತ ಹೆಸರೇ ಇದೆ. ಬೇಸಿಗೆ ರಾತ್ರಿ ಹಳ್ಳಿಗಳಲ್ಲಿ ಮನೆಯ ಕುರ್ಚಿಯನ್ನು ಬೀದಿಗೆ ತಂದು ಗಾಳಿಗೆ ಕೂರುತ್ತಾರೆ, "ಆ ಲಾ ಫ್ರೆಸ್ಕಾ" ಅಂತ. ಕಾದಿಸ್ ಪ್ರಾಂತ್ಯದ ಅಲ್ಗಾರ್ ಅನ್ನುವ ಚಿಕ್ಕ ಊರಿನ ಮೇಯರ್ 2021ರಲ್ಲಿ ಈ ಕುರ್ಚಿ ಹರಟೆಗೆ ಯುನೆಸ್ಕೊ ಮಾನ್ಯತೆ ಸಿಗಬೇಕು ಅಂತ ಹೊರಟರು. ಸುದ್ದಿ ಓದಿದಾಗ ನನಗೆ ನಮ್ಮಜ್ಜಿ ಮನೆಯ ಜಗಲಿ ಕಣ್ಣ ಮುಂದೆ ಬಂತು. ಆ ಜಗಲಿ ಈಗ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು.

ಇಲ್ಲಿನ ಕಚೇರಿಗಳ ಬಗ್ಗೆ ನನಗೆ ತಕರಾರಿದೆ. ಬಾಡಿಗೆ ಬಗ್ಗೆ ಇದೆ. ಆದರೂ ಈ ದೇಶದ ದಿನನಿತ್ಯದ ಬದುಕು ನಿಂತಿರುವುದು ಇಂಥ ಸಣ್ಣ ರೂಢಿಗಳ ಮೇಲೆ ಅನ್ನೋದು ನನ್ನ ನಂಬಿಕೆ. ಸ್ಪೇನ್‌ನಲ್ಲಿ ಇರುವವರು, ಇದ್ದು ಬಂದವರು ನಿಮಗೆ ಕಂಡಿದ್ದನ್ನು ಬರೆಯಿರಿ.

ಮಲೆನಾಡು_ಮ್ಯಾಡ್ರಿಡ್ | ಭಾನುವಾರ ರಾತ್ರಿ 11:48

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆ ಕೆಳಗೆ ಮೂರು ಬಾರ್ ಇವೆ, ಮೂರಕ್ಕೂ ಹೊರಗೆ ಮೇಜು. ರಾತ್ರಿ ಒಂದೂವರೆವರೆಗೆ ಗಲಾಟೆ. ಬೆಳಗ್ಗೆ ಏಳಕ್ಕೆ ನನಗೆ ಶಿಫ್ಟ್. ಬೀದಿ ಎಲ್ಲರದ್ದು ಅಂದರೆ ಮಲಗುವವರದ್ದೂ ಹೌದು ಅಲ್ವಾ? ನಮ್ಮ ಕಟ್ಟಡದವರು ನಗರಸಭೆಗೆ ಎಷ್ಟೋ ಸಲ ಬರೆದರು, ಏನೂ ಆಗಲಿಲ್ಲ. ದೂರದಿಂದ ಚೌಕ ಚಂದ, ಅದರ ಮೇಲೆ ಮನೆ ಮಾಡಿ ನೋಡಬೇಕು.

ಇಷ್ಟು ಹೇಳಿ, ನಿಮ್ಮ ಮಾತನ್ನು ಒಪ್ಪುವ ಒಂದು ಸಂಗತಿಯನ್ನೂ ಹೇಳುತ್ತೇನೆ. 2025ರ ಏಪ್ರಿಲ್ 28, ಸೋಮವಾರ. ಮಧ್ಯಾಹ್ನ 12:33ಕ್ಕೆ, ದ್ವೀಪಗಳನ್ನು ಬಿಟ್ಟು ಸ್ಪೇನ್, ಪೋರ್ಚುಗಲ್‌ನಲ್ಲೆಲ್ಲ ಕರೆಂಟ್ ಹೋಯಿತು. ಮೆಟ್ರೊ ನಿಂತಿತು, ಸಿಗ್ನಲ್ ಹೋಯಿತು, ಫೋನ್ ಹೋಯಿತು. ನಾನು ಆಫೀಸಿನಿಂದ ಮನೆಗೆ ಎರಡು ಗಂಟೆ ನಡೆದೆ. ದಾರಿಯಲ್ಲಿ ಒಂದು ದೊಡ್ಡ ಸರ್ಕಲ್. ಟೀ ಶರ್ಟ್ ಹಾಕಿದ ಒಬ್ಬ ಹುಡುಗ ನಡುವೆ ನಿಂತು ಕೈಯಲ್ಲೇ ಟ್ರಾಫಿಕ್ ನಡೆಸುತ್ತಿದ್ದ. ಪೊಲೀಸ್ ಅಲ್ಲ, ಯಾರೂ ಅಲ್ಲ. ಗಾಡಿಗಳು ಅವನ ಮಾತು ಕೇಳುತ್ತಿದ್ದವು. ಸ್ವಲ್ಪ ಮುಂದೆ ಒಬ್ಬರು ಕಾರಿನ ನಾಲ್ಕೂ ಬಾಗಿಲು ತೆರೆದು ರೇಡಿಯೊ ಜೋರಾಗಿ ಇಟ್ಟಿದ್ದರು. ಸುತ್ತ ಮೂವತ್ತು ಜನ ಸುದ್ದಿ ಕೇಳುತ್ತಿದ್ದರು. ಒಬ್ಬ ಅಜ್ಜನಿಗೆ ಕಿವಿ ಮಂದ. ಪಕ್ಕದ ಹುಡುಗಿ ಪ್ರತಿ ವಾಕ್ಯವನ್ನೂ ಅವರ ಕಿವಿಗೆ ಹೇಳುತ್ತಿದ್ದಳು. ರಾತ್ರಿ ನಮ್ಮ ಬೀದಿಗೆ ದೀಪ ಬಂದಾಗ ಬಾಲ್ಕನಿಗಳಿಂದ ಚಪ್ಪಾಳೆ. ಆವತ್ತು ಕೆಳಗಿನ ಬಾರ್‌ಗಳ ಸದ್ದು ನನಗೆ ಧೈರ್ಯ ಕೊಟ್ಟಿತು, ನಿಜ ಹೇಳಬೇಕು.

ಧಾರವಾಡ_ಪೇಡೆ | ಸೋಮವಾರ ಬೆಳಗ್ಗೆ 7:15

ನಮಸ್ಕಾರ ರೀ. ನನಗೆ ವಲೆನ್ಸಿಯಾದಲ್ಲೇ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಹೊರಡಬೇಕು. ಕಚೇರಿಗಳ ಬಗ್ಗೆ ತಕರಾರಿದೆ ಅಂದಿರಲ್ಲ, ಅದನ್ನೂ ಸ್ವಲ್ಪ ಬಿಡಿಸಿ ಹೇಳ್ರಿ. ಮೊದಲು ಏನು ಮಾಡಬೇಕು?

ಹಳೆಹೊಳೆ | ಸೋಮವಾರ ಮಧ್ಯಾಹ್ನ 3:30

ಮಲೆನಾಡು ಅವರೇ, ಸದ್ದಿನ ವಿಷಯ ಒಪ್ಪಿದೆ. ನಮ್ಮ ಬೀದಿಯಲ್ಲಿ ಬಾರ್ ಇಲ್ಲ, ಹಾಗಾಗಿ ನನಗೆ ಅದು ತಟ್ಟಿಲ್ಲ.

ಪೇಡೆ ಅವರೇ, ಮೊದಲ ಕೆಲಸ ನಗರಸಭೆಯಲ್ಲಿ "ಪದ್ರೋನ್" ಪಟ್ಟಿಗೆ ಹೆಸರು ಸೇರಿಸುವುದು. ಈ ಊರಿನಲ್ಲಿ ಈ ಮನೆಯಲ್ಲಿ ನಾನಿದ್ದೇನೆ ಅಂತ. ಆರೋಗ್ಯ ಕಾರ್ಡ್, ಮಕ್ಕಳ ಶಾಲೆ, ಎಲ್ಲದಕ್ಕೂ ಅದು ಬೇಕು. ಕಾಗದ ಸರಿಯಿಲ್ಲದೆ ಬಂದವರನ್ನೂ ಈ ಪಟ್ಟಿಗೆ ಸೇರಿಸಬೇಕು ಅಂತ ನಿಯಮ ಇದೆ. ಊರಿನಲ್ಲಿ ಇದ್ದೀಯಾ, ಹಾಗಾದರೆ ಲೆಕ್ಕಕ್ಕೆ ಬರುತ್ತೀಯಾ, ಅಷ್ಟೆ. ನನಗೆ ಈ ನಿಯಮದ ಮೇಲೆ ತುಂಬಾ ಗೌರವ.

ಆಮೇಲೆ ವಿದೇಶಿಯರ ಗುರುತಿನ ಕಾರ್ಡ್. ಇದಕ್ಕೆ "ಸಿತಾ ಪ್ರೆವಿಯಾ" ಬೇಕು, ಅಂದರೆ ಮೊದಲೇ ತೆಗೆದುಕೊಂಡ ಸಮಯ. ಅಲ್ಲೇ ಕಷ್ಟ. ಆನ್‌ಲೈನ್‌ನಲ್ಲಿ ಸ್ಲಾಟ್ ಬರುವುದೂ ಗೊತ್ತಾಗುವುದಿಲ್ಲ, ಹೋಗುವುದೂ ಗೊತ್ತಾಗುವುದಿಲ್ಲ. ಒಂದು ಸಲ ಮೂರು ವಾರ ಬೆಳಗ್ಗೆ ಎಂಟಕ್ಕೆ ಪರದೆ ಮುಂದೆ ಕೂತಿದ್ದೆ. ದುಡ್ಡು ಕೊಟ್ಟರೆ ಸ್ಲಾಟ್ ಕೊಡಿಸುವ ದಲ್ಲಾಳಿಗಳೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ. ಬೇಕರಿಯಲ್ಲಿ ಕೊನೆಯವರು ಯಾರು ಅಂತ ಕೇಳಿ ನಿಲ್ಲುವ ದೇಶದಲ್ಲಿ ಸರದಿಯನ್ನೇ ಮಾರುತ್ತಾರೆ ಅನ್ನೋದು ನನಗೆ ಹೊಟ್ಟೆ ಉರಿಯುವ ವಿಷಯ. ಹೊರಗಿನಿಂದ ಬಂದವರಿಗೇ ಹೆಚ್ಚಾಗಿ ಈ ಪಾಡು.

ಇನ್ನೊಂದು, ಹೆಸರು. ಇಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. ಫಾರ್ಮ್‌ನಲ್ಲಿ ಎರಡು ಖಾನೆ ಇರುತ್ತವೆ. ನಿಮ್ಮ ಕಡೆ ಅಡ್ಡಹೆಸರು ಇರುತ್ತದೆ, ನಿಮಗೆ ಅರ್ಧ ಕೆಲಸ ಆಯಿತು. ನಮ್ಮ ಹಾಸನದ ಕಡೆ ಇನಿಶಿಯಲ್ ಮಾತ್ರ. ನನ್ನ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಅಡ್ಡಹೆಸರಾಗಿದೆ. ಹಾಗಾಗಿ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆಸ್ಪತ್ರೆಯ ಮೈಕ್‌ನಲ್ಲಿ ಅವರ ಹೆಸರು ಕೂಗಿದಾಗ ಎದ್ದು ನಿಲ್ಲುವುದು ನಾನು. ಮೊದಲೆಲ್ಲ ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ.

ಮುಂದಿನ ವರ್ಷ ಹತ್ತು ವರ್ಷ ತುಂಬುತ್ತದೆ, ಭಾರತದವರು ಪೌರತ್ವ ಕೇಳಲು ಅಷ್ಟು ವರ್ಷ ಬೇಕು. (ದಕ್ಷಿಣ ಅಮೆರಿಕದ ಸ್ಪ್ಯಾನಿಷ್ ದೇಶಗಳವರಿಗೆ ಎರಡೇ ವರ್ಷ.) ಪೌರತ್ವ ಕೊಡುವಾಗ ಎರಡು ಅಡ್ಡಹೆಸರು ಬರೆಸುತ್ತಾರೆ. ಅಮ್ಮನ ಅಡ್ಡಹೆಸರು ಏನು ಅಂತ ಕೇಳಿದರೆ ಏನು ಹೇಳಲಿ? ಅಮ್ಮನಿಗೆ ಇರುವುದು ಹೆಸರು, ಮತ್ತೆ ತಾತನ ಇನಿಶಿಯಲ್. ಫೋನ್‌ನಲ್ಲಿ ಕೇಳಿದೆ. "ನನ್ನ ಹೆಸರನ್ನೇ ಬರಿ, ಇನ್ನೇನು" ಅಂದರು. ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಹಾಗಾಗಿ ಅರ್ಜಿ ಹಾಕಬೇಕೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ.

ಬಸವನಗುಡಿ_ಅಮ್ಮ | ಸೋಮವಾರ ಸಂಜೆ 5:05

ನಿಮ್ಮ ಅಪ್ಪನ ಹೆಸರಿನ ವಿಷಯ ಓದಿ ಕಣ್ಣು ತುಂಬಿತು. ನನ್ನದೊಂದು ಪ್ರಶ್ನೆ. ರಾತ್ರಿ ಹತ್ತರವರೆಗೂ ಮಕ್ಕಳು ಬೀದಿಯಲ್ಲಿ ಇರುತ್ತಾರೆ ಅಂತ ಯಾರೋ ಹೇಳಿದ್ದರು. ನಿಜವಾ? ನನ್ನ ಮಗನಿಗೆ ಒಂಬತ್ತು. ಗೇಟ್ ದಾಟಿ ಒಬ್ಬನೇ ಹೋಗಿದ್ದು ಇಲ್ಲ. ಮಕ್ಕಳನ್ನು ಅಲ್ಲಿ ನೋಡಿಕೊಳ್ಳುವವರು ಯಾರು?

ಹಳೆಹೊಳೆ | ಸೋಮವಾರ ರಾತ್ರಿ 9:40

ನಿಜ ಮೇಡಂ. ಬೇಸಿಗೆಯಲ್ಲಿ ಒಂಬತ್ತೂವರೆಗೆ ಇನ್ನೂ ಬೆಳಕಿರುತ್ತದೆ. ಚೌಕದಲ್ಲಿ ಮಕ್ಕಳು ಚೆಂಡು ಆಡುತ್ತಿರುತ್ತಾರೆ. ಅಮ್ಮಂದಿರು, ಅಪ್ಪಂದಿರು, ಅಜ್ಜಂದಿರು ಸುತ್ತ ಬೆಂಚಿನ ಮೇಲೆ. ಯಾರ ಮಗು ಬಿದ್ದರೂ ಹತ್ತಿರದಲ್ಲಿ ಇದ್ದವರು ಎತ್ತುತ್ತಾರೆ. ಬೇರೆಯವರ ಮಗುವಿಗೆ ಗದರುವುದೂ ಉಂಟು, ಅದಕ್ಕೆ ತಾಯಿ ಮುನಿಸಿಕೊಳ್ಳುವುದಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲೂ ಹೀಗೇ ಇತ್ತು.

ಆದರೆ ಈ ಜಾಗ ತಾನಾಗೇ ಬರಲಿಲ್ಲ. ನನ್ನ ಹೆಸರು ಹಳೆಹೊಳೆ ಅಂತ ಇಟ್ಟುಕೊಂಡಿದ್ದು ಅದಕ್ಕೇ. ವಲೆನ್ಸಿಯಾದ ನಡುವೆ ತೂರಿಯಾ ಅನ್ನುವ ಹೊಳೆ ಹರಿಯುತ್ತಿತ್ತು. 1957ರ ಅಕ್ಟೋಬರ್ 14ರಂದು ಉಕ್ಕಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ನಗರದ ದಕ್ಷಿಣಕ್ಕೆ ಹೊಸ ಪಾತ್ರ ತೋಡಿಸಿ ಹೊಳೆಯನ್ನೇ ತಿರುಗಿಸಿತು. ಹಳೆಯ ಪಾತ್ರ ಒಣಗಿ ಖಾಲಿ ಉಳಿಯಿತು. ಅಲ್ಲಿ ದೊಡ್ಡ ಹೆದ್ದಾರಿ ಮಾಡಬೇಕು ಅಂತ ಯೋಜನೆ ಇತ್ತು. ಜನ ಒಪ್ಪಲಿಲ್ಲ. "ಹೊಳೆಪಾತ್ರ ನಮ್ಮದು, ನಮಗೆ ಅದು ಹಸಿರಾಗಿಯೇ ಬೇಕು" ಅಂತ ವಲೆನ್ಸಿಯನ್ ಭಾಷೆಯಲ್ಲಿ ಘೋಷಣೆ ಕೂಗಿದರು. 1976ರಲ್ಲಿ ಆ ಜಾಗ ನಗರಕ್ಕೆ ಬಂತು. ಈಗ ಅದು ಒಂಬತ್ತು ಕಿಲೋಮೀಟರ್ ಉದ್ದದ ತೋಟ. ಹಳೆಯ ಕಲ್ಲಿನ ಸೇತುವೆಗಳು ಮೇಲೆ ಹಾಗೇ ಇವೆ, ಕೆಳಗೆ ನೀರಿನ ಬದಲು ಸೈಕಲ್, ಕಿತ್ತಳೆ ಮರ, ಚೆಂಡಾಟ. ಅಲ್ಲೊಂದು ಕಡೆ ಕಥೆಯ ಗಲಿವರ್‌ನ ಮಲಗಿರುವ ಬೊಂಬೆ, 70 ಮೀಟರ್ ಉದ್ದ. ಅವನ ಕೂದಲು, ಬೆರಳು, ಅಂಗಿಯ ಮಡಿಕೆ ಎಲ್ಲವೂ ಮಕ್ಕಳಿಗೆ ಜಾರುಬಂಡೆ. ಟಿಕೆಟ್ ಇಲ್ಲ. ನನ್ನ ಮಗಳು ನಡೆಯೋಕೆ ಕಲಿತದ್ದು ಹೊಳೆಯ ಒಡಲಿನಲ್ಲಿ ಅಂತ ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕಡಲೆಕಾಯಿ | ಮಂಗಳವಾರ ಬೆಳಗ್ಗೆ 1:10

ನಾನು ಬಾರ್ಸಿಲೋನಾದಲ್ಲಿ ಎಂ.ಎಸ್ ಮಾಡುತ್ತಿದ್ದೇನೆ. ಇಲ್ಲಿ ಬೀದಿಯ ಮಾತು ಬಂದರೆ ಮೊದಲು ಬಾಡಿಗೆ ಬರುತ್ತದೆ. ನಮ್ಮ ಮಾಲೀಕರು ಹನ್ನೊಂದು ತಿಂಗಳ ಕರಾರು ಕೊಟ್ಟು, ಮುಗಿದ ತಕ್ಷಣ ಖಾಲಿ ಮಾಡಿ ಅಂದರು. ಒಂದೂವರೆ ವರ್ಷದಲ್ಲಿ ಮೂರು ಮನೆ ಆಯಿತು. ನಮ್ಮ ಕಟ್ಟಡದ ಅರ್ಧ ಮನೆಗಳು ಪ್ರವಾಸಿಗರಿಗೆ. ಹಾಗಿದ್ದರೆ ಲಿಫ್ಟ್‌ನಲ್ಲಿ ನಮಸ್ಕಾರ ಹೇಳುವುದು ಯಾರಿಗೆ? ದಿನಾ ಹೊಸ ಮುಖ, ಹೊಸ ಸೂಟ್‌ಕೇಸ್. ನಗರಸಭೆ ಸುಮಾರು 10,000 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ನಿಲ್ಲಿಸುತ್ತೇವೆ ಅಂದಿದೆ. ಆಗಲಿ ಅಂತ ಕಾಯುತ್ತಿದ್ದೇನೆ. 2024ರ ಜುಲೈನಲ್ಲಿ ಪ್ರವಾಸೋದ್ಯಮದ ವಿರುದ್ಧದ ಮೆರವಣಿಗೆಯಲ್ಲಿ ನೀರಿನ ಪಿಸ್ತೂಲಿನಿಂದ ಪ್ರವಾಸಿಗರಿಗೆ ನೀರು ಹಾರಿಸಿದ ವಿಡಿಯೊ ನೀವೆಲ್ಲ ನೋಡಿರುತ್ತೀರಿ. ನೀರು ಹಾರಿಸಿದ್ದು ತಪ್ಪು. ಆದರೆ ಆ ಮೆರವಣಿಗೆಯಲ್ಲಿ ನಡೆದವರ ಸಂಕಟ ಸುಳ್ಳಲ್ಲ.

ಭಾಷೆ ಬಗ್ಗೆಯೂ ಒಂದು ಮಾತು. ಇಲ್ಲಿನ ನಾಡಭಾಷೆ ಕತಲಾನ್ ಕಲಿಸುವ ಸರ್ಕಾರಿ ತರಗತಿಗಳಿವೆ, ಶುರುವಿನ ಹಂತ ಉಚಿತ. ನಾನು ಸೇರಿದೆ. ನನ್ನ ಪಕ್ಕದಲ್ಲಿ ಪಾಕಿಸ್ತಾನದ ಒಬ್ಬ ಅಂಗಡಿಯವರು, ಅರ್ಜೆಂಟೀನಾದ ಒಬ್ಬ ನರ್ಸ್. ತರಕಾರಿ ಅಂಗಡಿಯಲ್ಲಿ "ಬೊನ್ ದಿಯಾ" ಅಂದರೆ ಸಾಕು, ಅವರ ಮುಖ ಅರಳುತ್ತದೆ. ಬೆಂಗಳೂರಿನಲ್ಲಿ ಹೊರಗಿನವರು ಯಾರಾದರೂ "ಹೇಗಿದ್ದೀರಾ" ಅಂದಾಗ ನಮ್ಮ ಮುಖ ಅರಳುವುದೂ ಹೀಗೇ. ಹೊರಗಿನವನಾಗಿ ಇರುವುದು ಹೇಗೆ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ತೂಬಿನಕೆರೆ | ಮಂಗಳವಾರ ಬೆಳಗ್ಗೆ 6:30

ಮಗಳೇ, ಎಲ್ಲವನ್ನೂ ಓದಿದೆ. ನಾನು ಮಂಡ್ಯದವನು, ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಸರದಿ ಅಂದ ತಕ್ಷಣ ನನಗೆ ನೀರಿನ ಸರದಿ ನೆನಪಾಗುತ್ತದೆ. ನಮ್ಮ ಊರಿನ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವವನು ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಹೇಳುವವನೂ ಅವನೇ. ಗೌಡರ ಗದ್ದೆಯಾದರೂ ಅವನ ಮಾತು ಮೀರುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಅವನಿಗೆ ಭತ್ತ ಅಳೆದು ಕೊಡುತ್ತಿದ್ದರು. ವಲೆನ್ಸಿಯಾದಲ್ಲಿ ನೀರಿಗೇ ಒಂದು ಹಳೆಯ ನ್ಯಾಯಾಲಯ ಇದೆ ಅಂತ ಕೆಲಸದಲ್ಲಿದ್ದಾಗ ಓದಿದ್ದೆ. ಇನ್ನೂ ನಡೆಯುತ್ತದೆಯೇ?

ಹಳೆಹೊಳೆ | ಮಂಗಳವಾರ ಮಧ್ಯಾಹ್ನ 2:50

ನಡೆಯುತ್ತದೆ ಸಾರ್! ನೀವು ಕೇಳಿದ್ದು ನನಗೆ ಎಷ್ಟು ಸಂತೋಷವಾಯಿತು ಅಂದರೆ, ಊಟ ಬಿಟ್ಟು ಬರೆಯುತ್ತಿದ್ದೇನೆ.

ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ದೊಡ್ಡ ಚರ್ಚಿನ ಅಪೊಸ್ತಲರ ಬಾಗಿಲಿನ ಮುಂದೆ. ನೀರಿನ ನ್ಯಾಯಮಂಡಳಿ ಅಂತ ಹೆಸರು. ತೂರಿಯಾ ಹೊಳೆಯ ಎಂಟು ಕಾಲುವೆಗಳು, ಒಂದೊಂದಕ್ಕೂ ಒಬ್ಬ ಪ್ರತಿನಿಧಿ. ಎಲ್ಲರೂ ರೈತರು, ಕಾಲುವೆಯ ರೈತರೇ ಆರಿಸಿದವರು. ಕಪ್ಪು ನಿಲುವಂಗಿ ಹಾಕಿಕೊಂಡು ಬೀದಿಯಲ್ಲೇ ಅರ್ಧವೃತ್ತಕ್ಕೆ ಇಟ್ಟ ಮರದ ಕುರ್ಚಿಯಲ್ಲಿ ಕೂರುತ್ತಾರೆ. ಗಂಟೆ ಹನ್ನೆರಡು ಬಡಿದ ಮೇಲೆ ಒಬ್ಬರು ಎದ್ದು ಕಾಲುವೆಗಳ ಹೆಸರು ಕೂಗುತ್ತಾರೆ. ಕ್ವಾರ್ತ್, ಮಿಸ್ಲಾತಾ, ಮೆಸ್ತಾಯಾ, ಫವಾರಾ, ರಸ್ಕಾನ್ಯಾ, ಹೀಗೆ ಎಂಟೂ. ಈ ಕಾಲುವೆಯ ಮೇಲೆ ದೂರು ಇದೆಯಾ ಅಂತ. ಇಲ್ಲದಿದ್ದರೆ ಮುಂದಿನದು. ಎಷ್ಟೋ ಗುರುವಾರ ದೂರೇ ಇರುವುದಿಲ್ಲ. ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ದೂರು ಇದ್ದರೆ ಎಲ್ಲವೂ ಬಾಯಿಮಾತಿನಲ್ಲಿ, ವಲೆನ್ಸಿಯನ್ ಭಾಷೆಯಲ್ಲಿ. ವಕೀಲರಿಲ್ಲ. ಯಾವ ಕಾಲುವೆಯ ದೂರೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವ ಹಾಗಿಲ್ಲ. ತೀರ್ಪಿನ ಮೇಲೆ ಅಪೀಲು ಇಲ್ಲ. 2009ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಾನು ಒಂದೇ ಒಂದು ಸಲ ನಿಜವಾದ ದೂರು ನೋಡಿದ್ದೇನೆ. ಒಬ್ಬರ ನೀರು ಪಕ್ಕದವರ ಗದ್ದೆಗೆ ನುಗ್ಗಿತ್ತು. ತಪ್ಪು ಮಾಡಿದವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಅರವತ್ತು ದಾಟಿದವರು. ಸುತ್ತ ಪ್ರವಾಸಿಗರು ಫೋಟೊ ತೆಗೆಯುತ್ತಿದ್ದರು, ಆ ರೈತರ ಕಣ್ಣಿದ್ದದ್ದು ಕೂತವರ ಮೇಲೆ ಮಾತ್ರ.

ಮಲೆನಾಡು_ಮ್ಯಾಡ್ರಿಡ್ | ಮಂಗಳವಾರ ರಾತ್ರಿ 10:30

ಅಕ್ಕಾ, ಕೇಳಬಹುದೋ ಇಲ್ಲವೋ ಗೊತ್ತಿಲ್ಲ. 2024ರ ಪ್ರವಾಹದಲ್ಲಿ ನೀವು ಅಲ್ಲೇ ಇದ್ದಿರಿ ಅಲ್ವಾ?

ಹಳೆಹೊಳೆ | ಬುಧವಾರ ರಾತ್ರಿ 11:15

ಇದ್ದೆ. ಒಂದು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಅಕ್ಟೋಬರ್ 29, ಮಂಗಳವಾರ. ನಮ್ಮ ಮನೆ ಹತ್ತಿರ ಮಳೆಯೇ ಇರಲಿಲ್ಲ ಅನ್ನಬಹುದು. ಮೇಲಿನ ಬೆಟ್ಟಗಳಲ್ಲಿ ಸುರಿದ ಮಳೆ ಪೋಯೊ ಅನ್ನುವ ಹಳ್ಳದಲ್ಲಿ ಇಳಿದು ಬಂತು. ರಾತ್ರಿ ಎಂಟು ದಾಟಿದ ಮೇಲೆ ಎಲ್ಲರ ಫೋನ್‌ಗೂ ಎಚ್ಚರಿಕೆಯ ಸದ್ದು ಬಂತು. ಆ ಹೊತ್ತಿಗಾಗಲೇ ಪಾಯ್ಪೋರ್ತಾ, ಕತರೋಹಾದಲ್ಲಿ ಜನ ನೀರಿನಲ್ಲಿದ್ದರು. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ನಗರ ಉಳಿಯಿತು. 1957ರ ನಂತರ ತೋಡಿದ ಆ ಹೊಸ ಪಾತ್ರ ನಮ್ಮನ್ನು ಕಾಯಿತು. ಅದರ ಆಚೆ ದಡದ ಊರುಗಳು ಮುಳುಗಿದವು. ನನ್ನ ಮಗಳು ಆಡುವ ತೋಟ ಒಣಗಿಯೇ ಇತ್ತು, ನಾಲ್ಕೈದು ಕಿಲೋಮೀಟರ್ ಆಚೆ ಹೀಗೆ. ಇದನ್ನು ಹೇಗೆ ತೆಗೆದುಕೊಳ್ಳಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ.

ನವೆಂಬರ್ 1 ರಜೆಯ ದಿನ, ಸತ್ತವರನ್ನು ನೆನೆಯುವ ಹಬ್ಬದ ಹೊತ್ತು. ಬೆಳಗ್ಗೆ ಕೆಳಗಿನ ಅಂಗಡಿಯಲ್ಲಿ ಪೊರಕೆ ಖಾಲಿ. ಮೂರನೇ ಮಹಡಿಯ ಅಜ್ಜಿ ಬಾಗಿಲು ತಟ್ಟಿ ತಮ್ಮ ಮನೆಯ ಪೊರಕೆ, ಒಂದು ಬಕೆಟ್, ಆರು ಬಾಟಲಿ ನೀರು ಕೊಟ್ಟರು. "ನನಗೆ ನಡೆಯೋಕೆ ಆಗಲ್ಲ, ನೀನು ಹೋಗು." ಹೊಸ ಪಾತ್ರದ ಮೇಲೆ ಒಂದು ಕಾಲುಸೇತುವೆ ಇದೆ. ನಾನು ಹೋದಾಗ ಅದರ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಸಾವಿರಾರು ಜನ, ಹೆಚ್ಚಿನವರು ಇಪ್ಪತ್ತರ ಹುಡುಗ ಹುಡುಗಿಯರು, ಹೆಗಲ ಮೇಲೆ ಸಲಿಕೆ, ಪೊರಕೆ. ಯಾರೂ ಕರೆದಿರಲಿಲ್ಲ. ಯಾರೂ ತಳ್ಳಾಡಲಿಲ್ಲ. ವಾಪಸ್ ಬರುತ್ತಿದ್ದವರಿಗೆ ಮೊಣಕಾಲಿನವರೆಗೆ ಕೆಂಪು ಮಣ್ಣು. ಈಗ ಆ ಸೇತುವೆಗೆ ಒಗ್ಗಟ್ಟಿನ ಸೇತುವೆ ಅನ್ನುತ್ತಾರೆ.

ಆಚೆ ಒಂದು ಮನೆಯಲ್ಲಿ ನಾಲ್ಕು ಗಂಟೆ ಕೆಸರು ತಳ್ಳಿದೆವು. ಮನೆಯಾಕೆ ಗೋಡೆಯ ಮೇಲೆ ನೀರಿನ ಗೆರೆ ತೋರಿಸಿದರು, ನನ್ನ ತಲೆಗಿಂತ ಮೇಲಿತ್ತು. ಬೀದಿಯ ಕೊನೆಯಲ್ಲಿ ಯಾರೋ ವ್ಯಾನಿನಲ್ಲಿ ಬಿಸಿ ಊಟ ತಂದರು. ಕೆಸರಿನಲ್ಲಿ ನಿಂತ ಅಷ್ಟೂ ಜನರ ನಡುವೆ, ಹಿಂದಿನಿಂದ ಒಬ್ಬರು ಕೇಳಿದರು, "ಎಲ್ ಉಲ್ತಿಮೊ?" ನಾನು ಕೈ ಎತ್ತಿದೆ.

ಮಲೆನಾಡು_ಮ್ಯಾಡ್ರಿಡ್ | ಗುರುವಾರ ಬೆಳಗ್ಗೆ 12:20

ಓದಿದೆ ಅಕ್ಕಾ. ಆಗ ಗೋಡೆಗಳ ಮೇಲೆಲ್ಲ "ಜನರನ್ನು ಜನರೇ ಉಳಿಸುವುದು" ಅಂತ ಬರೆದಿದ್ದರು. ನನಗೆ ಆ ಮಾತು ಸ್ವಲ್ಪ ಭಯ ತರುತ್ತದೆ. ಪೊರಕೆಯಿಂದ ಕೆಸರು ತೆಗೆಯಬಹುದು. ಎಚ್ಚರಿಕೆ ಮೊಳಗಿಸುವುದು, ಹಳ್ಳದ ಪಕ್ಕ ಮನೆ ಕಟ್ಟಲು ಬಿಡದಿರುವುದು, ಅದು ಸರ್ಕಾರದ ಕೆಲಸ. ಜನರೇ ಮಾಡುತ್ತಾರೆ ಬಿಡಿ ಅಂತ ಆದರೆ ಸರ್ಕಾರದವರು ಕೈ ತೊಳೆದುಕೊಳ್ಳುತ್ತಾರೆ.

ಹಳೆಹೊಳೆ | ಗುರುವಾರ ಬೆಳಗ್ಗೆ 8:05

ನೂರಕ್ಕೆ ನೂರು ಒಪ್ಪುತ್ತೇನೆ. ಇಲ್ಲಿನ ಜನರೂ ಅದನ್ನೇ ಹೇಳಿದರು. ತಿಂಗಳು ತಿಂಗಳು 29ರ ಆಸುಪಾಸಿನಲ್ಲಿ ಮೆರವಣಿಗೆ ಮಾಡಿದರು, ಎಚ್ಚರಿಕೆ ಯಾಕೆ ತಡವಾಯಿತು ಅಂತ ಕೇಳುತ್ತಾ. ಒಂದು ವರ್ಷ ಬಿಡಲಿಲ್ಲ. 2025ರ ನವೆಂಬರ್‌ನಲ್ಲಿ ಪ್ರಾದೇಶಿಕ ಸರ್ಕಾರದ ಮುಖ್ಯಸ್ಥರು ರಾಜೀನಾಮೆ ಘೋಷಿಸಿದರು. ಪೊರಕೆ ಹಿಡಿದು ಸೇತುವೆ ದಾಟಿದವರೇ ಮೆರವಣಿಗೆಯಲ್ಲೂ ಇದ್ದರು, ನಾನು ಮುಖ ಗುರುತು ಹಿಡಿದೆ.

ತೂಬಿನಕೆರೆ | ಗುರುವಾರ ಬೆಳಗ್ಗೆ 9:30

ಮಗಳೇ, ನನ್ನ ಮಗ ಫ್ರಾನ್ಸ್‌ನಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ಅವನ ಹತ್ತಿರ ಬರುತ್ತೇನೆ. ಒಂದು ಗುರುವಾರ ವಲೆನ್ಸಿಯಾಕ್ಕೆ ಕರೆದುಕೊಂಡು ಹೋಗು ಅಂತ ಅವನಿಗೆ ಹೇಳಿದ್ದೇನೆ. ಎಷ್ಟು ಹೊತ್ತಿಗೆ ಹೋಗಿ ನಿಲ್ಲಬೇಕು?

ಹಳೆಹೊಳೆ | ಗುರುವಾರ ಸಂಜೆ 6:40

ದಯವಿಟ್ಟು ಬನ್ನಿ ಸಾರ್. ಹನ್ನೊಂದೂಮುಕ್ಕಾಲಿಗೆ ಅಲ್ಲಿದ್ದರೆ ಮುಂದಿನ ಸಾಲು ಸಿಗುತ್ತದೆ. ನಾನೂ ಬರುತ್ತೇನೆ. ಆಮೇಲೆ ಅಲ್ಬೊರಾಯಾಕ್ಕೆ ಹೋಗೋಣ, ಮೆಟ್ರೊದಲ್ಲಿ ಹತ್ತಿರ. ಅಲ್ಲಿ ಚೂಫಾ ಅನ್ನುವ ಸಣ್ಣ ಗೆಡ್ಡೆ ಬೆಳೆಯುತ್ತಾರೆ. ಅದನ್ನು ಅರೆದು ಹಾಲು ತೆಗೆದು ಓರ್ಚಾತಾ ಮಾಡುತ್ತಾರೆ. ಹಸುವಿನ ಹಾಲಿಲ್ಲ, ನೀವು ಏನೂ ಯೋಚಿಸದೆ ಕುಡಿಯಬಹುದು. ಮೂರನೇ ಮಹಡಿಯ ಅಜ್ಜಿಯ ತಮ್ಮನ ಹೊಲ ಅಲ್ಲೇ ಇದೆ, ರಸ್ಕಾನ್ಯಾ ಕಾಲುವೆಯ ನೀರು. ಈಗ ತಾನೆ ಅಜ್ಜಿಗೆ ನಿಮ್ಮ ನೀರುಗಂಟಿಯ ವಿಷಯ ಹೇಳಿದೆ. ಅವರು ಫೋನ್ ಮಾಡಿ ತಮ್ಮನಿಗೆ ಹೇಳಿದರು. ಆ ತಮ್ಮ ಕೇಳಿದ್ದು ಒಂದೇ, ಕಲ್ಲಿನ ತೂಬಾ, ಮರದ ತೂಬಾ ಅಂತ. ನನಗೆ ಗೊತ್ತಿರಲಿಲ್ಲ. ನಿಮ್ಮ ಕೆರೆಯ ತೂಬಿನ ಫೋಟೊ ಇದ್ದರೆ ತನ್ನಿ ಸಾರ್.